ಧಾತುವಿನ ಎಲೆಕ್ಟ್ರಾನ್ ವಿನ್ಯಾಸವನ್ನು ಬರೆಯುವ ಕ್ರಮ

ಯಾವುದೇ ಧಾತುವಿನ ಎಲೆಕ್ಟ್ರಾನ್ ವಿನ್ಯಾಸವನ್ನು, ಅಂದರೆ ಅದರ ಪರಮಾಣುವಿನ ಯಾವ ಕಕ್ಷೆಯಲ್ಲಿ ಎಷ್ಟು ಎಲೆಕ್ಟ್ರಾನ್‌ಗಳಿವೆ ಎಂಬುದನ್ನು, ಬರೆಯಲು ಮೊದಲು ಬೇಕಾದದ್ದು ಅದರ ಪರಮಾಣು ಸಂಖ್ಯೆ, ಅಂದರೆ ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟಾನ್‌ಗಳ ಸಂಖ್ಯೆ. ಪರಮಾಣು ತಟಸ್ಥವಾಗಿರುವುದರಿಂದ ಎಲೆಕ್ಟ್ರಾನ್‌ಗಳೂ ಅಷ್ಟೇ ಇರುತ್ತವೆ. ರಾಶಿ ಸಂಖ್ಯೆಗೆ, ಅಂದರೆ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಒಟ್ಟು ಸಂಖ್ಯೆಗೆ, ಇಲ್ಲಿ ಕೆಲಸವಿಲ್ಲ: ಕ್ಲೋರಿನ್ ಪರಮಾಣುವಿನ ರಾಶಿ ಸಂಖ್ಯೆ 35 ಇರಲಿ, 37 ಇರಲಿ, ಬದಲಾಗುವುದು ನ್ಯೂಟ್ರಾನ್‌ಗಳ ಸಂಖ್ಯೆ ಮಾತ್ರ, ಎಲೆಕ್ಟ್ರಾನ್‌ಗಳು ಎರಡರಲ್ಲೂ 17.

ನೀಲ್ಸ್ ಬೋರ್ 1913ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ ಎಲೆಕ್ಟ್ರಾನ್‌ಗಳು ನಿಗದಿತ ಶಕ್ತಿಯುಳ್ಳ ಕಕ್ಷೆಗಳಲ್ಲಿ ಮಾತ್ರ ಇರಬಲ್ಲವು. ಕವಚಗಳೆಂದೂ ಕರೆಯುವ ಈ ಕಕ್ಷೆಗಳನ್ನು ಒಳಗಿನಿಂದ ಹೊರಕ್ಕೆ ಕೆ, ಎಲ್, ಎಂ, ಎನ್ ಎಂದು ಗುರುತಿಸುತ್ತಾರೆ. ಕವಚದ ಕ್ರಮಸಂಖ್ಯೆಯ ವರ್ಗವನ್ನು 2ರಿಂದ ಗುಣಿಸಿದರೆ ಆ ಕವಚದ ಗರಿಷ್ಠ ಸಾಮರ್ಥ್ಯ ದೊರೆಯುತ್ತದೆ: ಕ್ರಮವಾಗಿ 2, 8, 18, 32. ಇದರ ಜೊತೆಗೆ ಇನ್ನೊಂದು ನಿಯಮವಿದೆ: ಅತ್ಯಂತ ಹೊರಗಿನ ಕವಚದಲ್ಲಿ, ಅದರ ಸಾಮರ್ಥ್ಯ ಎಷ್ಟೇ ಇದ್ದರೂ, 8ಕ್ಕಿಂತ ಹೆಚ್ಚು ಎಲೆಕ್ಟ್ರಾನ್‌ಗಳು ಇರುವಂತಿಲ್ಲ. ಮೊದಲ ನಿಯಮವನ್ನಷ್ಟೇ ನೆನಪಿಟ್ಟುಕೊಂಡು ಎರಡನೆಯದನ್ನು ಮರೆಯುವುದೇ ಉತ್ತರ ತಪ್ಪಲು ಮುಖ್ಯ ಕಾರಣ.

ಕ್ಲೋರಿನ್‌ನಲ್ಲಿ ತೊಡಕಿಲ್ಲ. 17ರಲ್ಲಿ 2 ಕೆ ಕವಚಕ್ಕೆ, 8 ಎಲ್ ಕವಚಕ್ಕೆ ಹೋದರೆ ಉಳಿದ 7 ಎಂ ಕವಚಕ್ಕೆ ಸೇರಿ ವಿನ್ಯಾಸ 2, 8, 7 ಆಗುತ್ತದೆ.

ನಿಜವಾದ ಪರೀಕ್ಷೆ ಎದುರಾಗುವುದು ಪೊಟ್ಯಾಸಿಯಮ್‌ನಲ್ಲಿ. 19ರಲ್ಲಿ ಮೊದಲ ಎರಡು ಕವಚಗಳಿಗೆ 10 ಹೋದ ಮೇಲೆ 9 ಉಳಿಯುತ್ತವೆ. ಎಂ ಕವಚಕ್ಕೆ 18ರ ಸಾಮರ್ಥ್ಯವಿರುವುದರಿಂದ 2, 8, 9 ಎಂದು ಬರೆದುಬಿಡಲು ಮನಸ್ಸಾಗುತ್ತದೆ. ಆದರೆ ಹಾಗೆ ಬರೆದರೆ ಎಂ ಕವಚವೇ ಹೊರಗಿನದಾಗಿ, ಅದರಲ್ಲಿ 9 ಎಲೆಕ್ಟ್ರಾನ್‌ಗಳು ಇದ್ದಂತಾಗುತ್ತದೆ. ಆದ್ದರಿಂದ ಅಲ್ಲಿ 8ನ್ನು ಮಾತ್ರ ಇರಿಸಿ, ಉಳಿದ ಒಂದನ್ನು ಎನ್ ಕವಚಕ್ಕೆ ಕಳುಹಿಸಬೇಕು: 2, 8, 8, 1. 2, 8, 1 ವಿನ್ಯಾಸದ ಸೋಡಿಯಂನಂತೆಯೇ ಪೊಟ್ಯಾಸಿಯಮ್ ಕೂಡ ನೀರಿನೊಂದಿಗೆ ತೀವ್ರವಾಗಿ ವರ್ತಿಸಿ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಡುವುದಕ್ಕೆ ಹೊರಗಿನ ಈ ಒಂಟಿ ಎಲೆಕ್ಟ್ರಾನೇ ಕಾರಣ. ಕ್ಯಾಲ್ಸಿಯಂ ಇದೇ ದಾರಿಯಲ್ಲಿ 2, 8, 8, 2 ಆಗುತ್ತದೆ. ಅದರ ಮುಂದಿನ ಸ್ಕ್ಯಾಂಡಿಯಂನ ವಿನ್ಯಾಸ 2, 8, 9, 2. ಎಂ ಕವಚ ಈಗ ಹೊರಗಿನದಲ್ಲವಾದ್ದರಿಂದ ಹೊಸ ಎಲೆಕ್ಟ್ರಾನ್ ಅಲ್ಲಿಗೇ ಹೋಗುತ್ತದೆ. ಹೀಗಾಗಿ ಒಳಗಿನಿಂದ ಹೊರಕ್ಕೆ ಸಾಲಾಗಿ ತುಂಬುವ ಈ ಕ್ರಮವನ್ನು ಮೊದಲ 20 ಧಾತುಗಳಿಗಷ್ಟೇ ಬಳಸುವುದು ಸುರಕ್ಷಿತ.

ಬರೆದು ಮುಗಿಸಿದ ಮೇಲೆ ಅಂಕಿಗಳನ್ನು ಕೂಡಿಸಿ, ಮೊತ್ತ ಪರಮಾಣು ಸಂಖ್ಯೆಗೆ ಸಮವಾಗಿದೆಯೇ ಎಂದು ನೋಡಬೇಕು. ಚಿತ್ರ ಬಿಡಿಸುವಾಗ ಅಳತೆಯ ಚಿಂತೆ ಬೇಡ. ನ್ಯೂಕ್ಲಿಯಸ್ಸನ್ನು 1 ಮಿಲಿಮೀಟರ್ ಚುಕ್ಕೆಯಾಗಿ ಗುರುತಿಸಿದರೂ ಹೊರಗಿನ ಕವಚವನ್ನು ಹತ್ತಾರು ಮೀಟರ್ ದೂರದಲ್ಲಿ ಎಳೆಯಬೇಕಾದೀತು.

ಅಯಾನುಗಳ, ಅಂದರೆ ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಟ್ಟ ಅಥವಾ ಪಡೆದ ಪರಮಾಣುಗಳ, ವಿನ್ಯಾಸವನ್ನು ಕೇಳಿದಾಗ, ಮೊದಲು ತಟಸ್ಥ ಪರಮಾಣುವಿನದನ್ನು ಬರೆದುಕೊಂಡು, ಬಳಿಕ ಹೊರಗಿನ ಕವಚದಲ್ಲಿ ಕಳೆಯಬೇಕು ಅಥವಾ ಕೂಡಿಸಬೇಕು. ಎರಡು ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಟ್ಟ ಕ್ಯಾಲ್ಸಿಯಂ ಅಯಾನು, ಒಂದನ್ನು ಪಡೆದ ಕ್ಲೋರೈಡ್ ಅಯಾನು ಮತ್ತು ಆರ್ಗಾನ್ ಪರಮಾಣು, ಈ ಮೂರರ ವಿನ್ಯಾಸವೂ 2, 8, 8 ಎಂದೇ ಬರುತ್ತದೆ. ಹಾಗೆಂದು ಅವು ಒಂದೇ ಧಾತುವಾಗುವುದಿಲ್ಲ, ಏಕೆಂದರೆ ಅವುಗಳ ನ್ಯೂಕ್ಲಿಯಸ್ಸಿನಲ್ಲಿ ಕ್ರಮವಾಗಿ 20, 17 ಮತ್ತು 18 ಪ್ರೋಟಾನ್‌ಗಳಿವೆ.