ಕೊಳೆಯದ ಮರದ ಗೇಟು: ನನ್ನ ಅನುಭವ

ಜಯನಗರದ ನಮ್ಮ ಕೈತೋಟದ ಗೇಟು ಐದನೇ ಮಳೆಗಾಲ ದಾಟಿತು. ಅಕ್ಟೋಬರ್ ಮಳೆ ನಿಂತ ಮೇಲೆ ಕೆಳಗಿನ ಅಡ್ಡಪಟ್ಟಿಗೆ ಉಳಿ ಒತ್ತಿ ನೋಡಿದೆ. ಎಲ್ಲೂ ಮೆತ್ತಗಿಲ್ಲ. ‘ಮರದ್ದು ಬೇಡ ಸಾರ್, ಕಬ್ಬಿಣದ್ದು ಹಾಕಿಸಿ’ ಅಂದಿದ್ದ ಬಡಗಿಯೇ ಈಗ ಗಿರಾಕಿಗಳನ್ನು ಕರೆತಂದು ತೋರಿಸುತ್ತಾರೆ.

ಮೊದಲಿನ ಎರಡು ಗೇಟು ನಿಲ್ಲಲಿಲ್ಲ. ಒಂದು ಸಿಲ್ವರ್ ಓಕ್, ಮೇಲೆ ದಪ್ಪ ಎನಾಮಲ್. ಜಾಯಿಂಟಿನ ಬಿರುಕಿನಲ್ಲಿ ಇಳಿದ ನೀರು ಬಣ್ಣದ ಹಿಂದೆಯೇ ಉಳಿಯಿತು. ಹೊರಗೆ ಫಳಫಳ, ಒಳಗೆ ಪುಡಿ. ಇನ್ನೊಂದು ತೇಗ ಅಂತ ಸುಮಾರು ಹದಿನೆಂಟು ಸಾವಿರ ಕೊಟ್ಟು ತಂದದ್ದು. ಅರ್ಧಕ್ಕರ್ಧ ಹೊರಗಿನ ಬಿಳಿ ಮರ. ತೇಗವೇ ಆದರೂ ಚೇಗು, ಅಂದರೆ ಒಳಗಿನ ಗಟ್ಟಿ ಮರ, ಇಲ್ಲದಿದ್ದರೆ ಗೆದ್ದಲು ಬಿಡುತ್ತದಾ?

ಈ ಸಲ ಮೈಸೂರು ರಸ್ತೆ ಕಡೆ ಹುಡುಕಿ, ಒಡೆದ ಹಳೇ ಮನೆಯ ಹೊನ್ನೆ ಚೌಕಟ್ಟು ತಂದೆ. ಏಳು ಸಾವಿರದ ಆಸುಪಾಸು. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಹಳದಿ ಬಿಡುತ್ತದೆ, ಗುರುತು ಅದೇ. ಸಕ್ಕರೆ ಕಾಯಿಲೆಯವರಿಗೆ ಅಂತ ಲೋಟ ಮಾಡಿ ಮಾರುವ ಮರವೂ ಇದೇ.

ಗೇಟು ಕೊಳೆಯಲು ಶುರುವಾಗುವುದು ಪಟ್ಟಿಗಳ ತುದಿಯಲ್ಲಿ. ಕೊಯ್ದ ತುದಿ ನೀರನ್ನು ಸ್ಟ್ರಾ ಥರ ಹೀರುತ್ತದೆ. ಹಾಗಾಗಿ ಜೋಡಿಸುವ ಮೊದಲೇ ಪ್ರತಿ ತುದಿಗೂ, ಪ್ರತಿ ತೂತಿನ ಒಳಗೂ ತೆಳು ಎಪಾಕ್ಸಿ (ಒಣಗಿ ಗಟ್ಟಿಯಾಗುವ ಅಂಟು) ಕುಡಿಸಿದೆ, ಸಾಕು ಅನ್ನುವವರೆಗೆ. ಅಡ್ಡಪಟ್ಟಿಗಳ ಮೇಲ್ಭಾಗ ಕೀಸಿ ಇಳಿಜಾರು ಮಾಡಿದೆ. ಗೇಟು ನೆಲದಿಂದ ಮೂರು ಇಂಚು ಮೇಲೆ. ಕ್ರಾಸ್ ಪಟ್ಟಿ ಕೆಳಗಿನ ಹಿಂಜ್‌ನಿಂದ ಚಿಲಕದ ಕಡೆಗೆ ಮೇಲೇರಬೇಕು, ಇಲ್ಲದಿದ್ದರೆ ಗೇಟು ಜೋತುಬೀಳುತ್ತದೆ. ಸ್ಕ್ರೂ, ಹಿಂಜ್ ಎಲ್ಲ ಸ್ಟೀಲು, ಎರಡೂವರೆ ಸಾವಿರ ಆಯಿತು. ಮರದ ಕಂಬ ಹುಗಿಯಲೇ ಇಲ್ಲ, ಕಲ್ಲುಕಂಬಕ್ಕೇ ತೂಗುಹಾಕಿದೆ. ಒಟ್ಟು ಹನ್ನೆರಡು ಸಾವಿರದೊಳಗೆ ಮುಗಿಯಿತು. ಕಬ್ಬಿಣದ ಗೇಟಿಗೆ ಹದಿನೈದು ಕೇಳಿದ್ದರು!

ಬಣ್ಣ ಇಲ್ಲ. ಅಗಸೆ ಎಣ್ಣೆ, ಟರ್ಪೆಂಟೈನ್, ಜೊತೆಗೆ ಇನ್ನೊಂದು. ಆ ಇನ್ನೊಂದನ್ನೂ ಅಳತೆಯನ್ನೂ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಉಳಿದ ತುಂಡುಗಳನ್ನು ಗೊಬ್ಬರದ ಗುಂಡಿ ಪಕ್ಕ ಹುಗಿದು ನೋಡಿದೆ. ಸುಟ್ಟ ಇಂಜಿನ್ ಆಯಿಲ್ ಬಳಿದದ್ದು ಬರೀ ನಾತ, ಒಂದೇ ಮಳೆಗಾಲಕ್ಕೆ ಗೆದ್ದಲು. ಕರಾವಳಿಯ ನೆಂಟರು ಕೊಟ್ಟ ಗೇರು ಸಿಪ್ಪೆ ಎಣ್ಣೆಯ ತುಂಡು ಕಪ್ಪಗಾಗಿದೆ, ಗಟ್ಟಿಯಾಗಿದೆ. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಚರ್ಮ ಸುಡುತ್ತದೆ.

ಗೇಟಿಗೆ ಪ್ರತಿ ಏಪ್ರಿಲ್‌ನಲ್ಲಿ ಆ ಅಗಸೆ ಎಣ್ಣೆ ಮಿಶ್ರಣ ಒಂದು ಕೈ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅಗಸೆ ಎಣ್ಣೆ ತಾನಾಗೇ ಕಾದು ಹೊತ್ತಿಕೊಳ್ಳುತ್ತದೆ. ಬಿಡಿಸಿ ಬಯಲಲ್ಲಿ ಒಣಗಿಸಿ.