ನಿಮ್ಮ ಊರಿನ ಚರಿತ್ರೆಯನ್ನು ನೀವೇ ಬರೆಯುವ ಬಗೆ

ಇಂಗ್ಲೆಂಡಿನ ಹಳ್ಳಿಗಾಡಿನ ಪುಟ್ಟ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಒಂದರ ಚರಿತ್ರೆ ಬರೆಯಹೊರಟವರಿಗೆ ಮೊದಲ ಆಸರೆ ಚರ್ಚಿನ ದಾಖಲೆ ಪುಸ್ತಕ. 1538ರಲ್ಲಿ ದೊರೆ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಂತೆ ಅಲ್ಲಿನ ಪ್ರತಿಯೊಂದು ಪ್ಯಾರಿಷ್ ತನ್ನ ಜನರ ದೀಕ್ಷಾಸ್ನಾನ, ಮದುವೆ ಮತ್ತು ಶವಸಂಸ್ಕಾರಗಳನ್ನು ಬರೆದಿಡಬೇಕಾಗಿತ್ತು. ಬೆಂಗಳೂರಿನೊಳಗೆ ಸೇರಿಹೋದ ನಮ್ಮ ಹಳ್ಳಿಗಳಲ್ಲಿ ಅಂಥ ಪುಸ್ತಕ ಸಿಗುವುದಿಲ್ಲವಾದ್ದರಿಂದ, ನಾವು ಊರಿನ ಕಲ್ಲುಗಳಿಂದಲೇ ಆರಂಭಿಸಬೇಕಾಗುತ್ತದೆ.

ಗುಡಿಯ ಹಿಂಬದಿ, ಕೆರೆಯ ಏರಿ, ತೂಬಿನ ಬಳಿ, ಅರಳಿಕಟ್ಟೆಯ ಬುಡ, ಹೀಗೆ ಎಲ್ಲವನ್ನೂ ನಡೆದೇ ನೋಡಿರಿ. ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಸಿಕ್ಕ ಕಿಟ್ಟಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಅಂದರೆ ಸುಮಾರು ಕ್ರಿ.ಶ. 750ರದ್ದು. ಅಕ್ಷರ ಸವೆದಿದ್ದರೆ ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದರೆ, ಹಗಲಿನಲ್ಲಿ ಬರಿಯ ಗೀರುಗಳಂತೆ ಕಂಡದ್ದು ನೆರಳು ತುಂಬಿಕೊಂಡು ಸಾಲುಸಾಲಾಗಿ ಎದ್ದು ಬರುತ್ತದೆ. ಕಲ್ಲಿಗೆ ಎಣ್ಣೆ, ಸುಣ್ಣ, ಬಣ್ಣ ಯಾವುದನ್ನೂ ದಯವಿಟ್ಟು ಹಚ್ಚಬೇಡಿರಿ. ಜೀರ್ಣೋದ್ಧಾರದ ಹೆಸರಿನಲ್ಲಿ ಬಳಿದ ಒಂದು ಡಬ್ಬಿ ಬಣ್ಣ ಸಾವಿರ ವರ್ಷ ಉಳಿದ ಅಕ್ಷರಗಳನ್ನು ಮುಚ್ಚಿಬಿಡಬಲ್ಲದು. ಚಿತ್ರ ತೆಗೆದ ಬಳಿಕ, 1905ರಲ್ಲಿ ಬಿ. ಎಲ್. ರೈಸ್ ಪ್ರಕಟಿಸಿದ, ಬೆಂಗಳೂರು ಜಿಲ್ಲೆಯ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ಆ ಶಾಸನವಿದೆಯೇ ಎಂದು ಊರಿನ ಹೆಸರಿನಡಿ ಹುಡುಕಿರಿ. ಶಕವರ್ಷಕ್ಕೆ 78 ಕೂಡಿಸಿದರೆ ಸ್ಥೂಲವಾಗಿ ಕ್ರಿಸ್ತಶಕ ಸಿಗುತ್ತದೆ. ಸಂವತ್ಸರದ ಹೆಸರೊಂದೇ ಇದ್ದರೆ ಅದು 60 ವರ್ಷಕ್ಕೊಮ್ಮೆ ಮರಳುವುದೆಂಬ ಎಚ್ಚರವಿರಲಿ.

ಸ್ಥಳಪುರಾಣವನ್ನು ಬಿಡಬೇಡಿರಿ, ಆದರೆ ಕಲ್ಲಿನೊಡನೆ ಬೆರೆಸಲೂ ಬೇಡಿರಿ. ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಿದ್ದರಿಂದ ಬೆಂಗಳೂರೆಂಬ ಹೆಸರು ಬಂತೆನ್ನುವ ಕಥೆ ಎಲ್ಲರಿಗೂ ಪ್ರಿಯವೇ. ಆದರೂ ಆ ಬಲ್ಲಾಳನಿಗಿಂತ ಬಹಳ ಮುಂಚಿನ, ಸುಮಾರು 890ರ ಬೇಗೂರಿನ ಶಾಸನದಲ್ಲಿ ‘ಬೆಂಗಳೂರು ಕಾಳಗ’ದ ಮಾತು ಆಗಲೇ ಇದೆ.

ಹಿರಿಯರ ಬಳಿ ಕುಳಿತಾಗ ಇಸವಿಯನ್ನು ಕೇಳಬೇಡಿರಿ. “ಅಜ್ಜಿ, ಕೆರೆ ಕೋಡಿ ಬಿದ್ದಾಗ ನಿಮಗೆ ಮದುವೆ ಆಗಿತ್ತಾ?” ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಹೆಳವರು ಈಗಲೂ ಬರುವ ಮನೆಗಳಿದ್ದರೆ ಅದು ನಿಮ್ಮ ಭಾಗ್ಯ. ಮನೆತನವು ಎಲ್ಲಿಂದ ಬಂದು ನೆಲೆಸಿತು, ಯಾರ ಮಕ್ಕಳು ಯಾರು ಎಂಬುದನ್ನು ತಲೆಮಾರುಗಳಿಂದ ಒಪ್ಪಿಸುತ್ತ ಬಂದ ಅವರ ವಂಶಾವಳಿಯೇ ನಮ್ಮ ಪ್ಯಾರಿಷ್ ಪುಸ್ತಕವೆಂದು ನಾನು ಭಾವಿಸುತ್ತೇನೆ. ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಆಡಿದ ಮಾತನ್ನು ತಿದ್ದದೆ ಬರೆದುಕೊಳ್ಳಿರಿ.

ಕೊನೆಗೆ ಕಂದಾಯದ ಕಾಗದಗಳು. ಇಂಗ್ಲೆಂಡಿನಲ್ಲಿ 1836ರ ಕಾಯ್ದೆಯ ನಂತರ ತಯಾರಾದ ಟೈದ್ (ಚರ್ಚಿಗೆ ಸಲ್ಲುತ್ತಿದ್ದ ಬೆಳೆಯ ಹತ್ತನೆಯ ಒಂದು ಪಾಲು) ನಕ್ಷೆಗಳು ಮತ್ತು ಅವುಗಳ ಪಟ್ಟಿಗಳು ಹೊಲದ ಒಡೆಯ ಯಾರು, ಉಳುವವ ಯಾರು ಎಂಬುದನ್ನು ತೋರಿಸುವಂತೆ, ನಮ್ಮಲ್ಲಿ ಗ್ರಾಮನಕ್ಷೆ, ಟಿಪ್ಪಣಿ (ಸರ್ವೆಯ ಅಳತೆಯ ನಕ್ಷೆ), ಆಕಾರಬಂದ್ (ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ) ಮತ್ತು ಹಳೆಯ ಪಹಣಿಗಳು ನೆಲದ ಕಥೆಯನ್ನು ಹೇಳುತ್ತವೆ. ಸರ್ವೆ ನಂಬರುಗಳಿರುವ ಗ್ರಾಮನಕ್ಷೆಯ ಒಂದು ನಕಲನ್ನು ಹಿರಿಯರ ಮುಂದೆ ಹರಡಿ, ಈಗ ಅಪಾರ್ಟ್‌ಮೆಂಟ್ ನಿಂತಿರುವ ಪ್ರತಿ ತುಂಡಿನ ಮೇಲೂ ಅವರು ಕರೆಯುತ್ತಿದ್ದ ಹೊಲದ ಹೆಸರನ್ನು ಪೆನ್ಸಿಲಿನಲ್ಲಿ ಬರೆಯಿರಿ, ಪಕ್ಕದಲ್ಲಿ ಹೇಳಿದವರ ಹೆಸರನ್ನೂ ದಿನಾಂಕವನ್ನೂ ಸೇರಿಸಿರಿ.