ಬೆಳ್ಳಕ್ಕಿಯ ಮೈಯಲ್ಲಿ ಕಾಣೆಯಾದ ಗರಿಗಳು

ಒಂದೇ ವಾರದಲ್ಲಿ, ಒಂದೇ ಕ್ಯಾಮೆರಾದಲ್ಲಿ ತೆಗೆದ ಎರಡು ಚಿತ್ರಗಳು ಬಿಳಿ ಬಣ್ಣದ ಬಗ್ಗೆ ನನಗಿದ್ದ ಭರವಸೆಯನ್ನೆಲ್ಲ ಕೆಡವಿದವು. ಕಿಟಕಿಯ ಬಳಿ ಮಡಿಸಿಟ್ಟಿದ್ದ ಶುಭ್ರ ಬಟ್ಟೆಯನ್ನು ಚೌಕಟ್ಟು ತುಂಬುವಂತೆ ಹಿಡಿದಾಗ, ಅದು ತಿಂಗಳುಗಟ್ಟಲೆ ನೀರು ಕಾಣದ ಬಟ್ಟೆಯಂತೆ ಬೂದಾಗಿ ಬಂದಿತ್ತು. ನೆರಳಿನಲ್ಲಿದ್ದ ಕಪ್ಪು ನೀರಿನೆದುರು, ಬಿಸಿಲಿನ ತುಣುಕೊಂದರಲ್ಲಿ ನಿಂತಿದ್ದ ಬೆಳ್ಳಕ್ಕಿಯ ಚಿತ್ರದಲ್ಲಾದರೋ ಹಕ್ಕಿಯ ಮೈಮೇಲೆ ಒಂದು ಗರಿಯೂ ಉಳಿದಿರಲಿಲ್ಲ. ಕಾಗದವನ್ನು ಹಕ್ಕಿಯ ಆಕಾರಕ್ಕೆ ಕತ್ತರಿಸಿ ಅಂಟಿಸಿದಂತಿತ್ತು. ಎರಡು ಸಲವೂ ಕ್ಯಾಮೆರಾವನ್ನು ಆಟೋ ಕ್ರಮಕ್ಕೆ ಬಿಟ್ಟು, ಎಕ್ಸ್‌ಪೋಷರ್‌ನ, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬಿಡಬೇಕೆಂಬುದರ, ಹೊಣೆಯನ್ನು ಅದಕ್ಕೇ ವಹಿಸಿದ್ದೆ.

ಕಾರಣವನ್ನು ಹುಡುಕುತ್ತ ಹೋದಾಗ, ಎರಡೂ ತಪ್ಪುಗಳ ಮೂಲ ಒಂದೇ ಎಂದು ತಿಳಿಯಿತು. ಕ್ಯಾಮೆರಾದೊಳಗಿನ ಮೀಟರ್‌ಗೆ ಎದುರಿಗಿರುವುದು ಬಟ್ಟೆಯೋ ಹಕ್ಕಿಯೋ ಗೊತ್ತಾಗುವುದಿಲ್ಲ. ಅದು ಹಿಂತಿರುಗಿ ಬಂದ ಬೆಳಕನ್ನು ಅಳೆದು, ದೃಶ್ಯದ ಸರಾಸರಿಯು ಮಧ್ಯಮ ಬೂದು, ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ಪ್ರತಿಫಲಿಸುವಂಥದ್ದು ಎಂಬ ಊಹೆಯ ಮೇಲೆ ಲೆಕ್ಕ ಹಾಕುತ್ತದೆ. ಹೊಸ ಕ್ಯಾಮೆರಾಗಳು ದೃಶ್ಯವನ್ನು ಗುರುತಿಸಲು ಯತ್ನಿಸುತ್ತವಾದರೂ ಈ ಊಹೆಯಿಂದ ಪೂರ್ತಿ ಬಿಡಿಸಿಕೊಂಡಿಲ್ಲ. ಹೊಸದಾಗಿ ಬಿದ್ದ ಹಿಮ ಶೇ. 80ರಿಂದ 90ರಷ್ಟು ಬೆಳಕನ್ನು ಹಿಂತಿರುಗಿಸುತ್ತದೆ, ಒಳ್ಳೆಯ ಬಿಳಿ ಬಟ್ಟೆಯೂ ಅದರಿಂದ ಬಹಳ ದೂರವಿಲ್ಲ. ಹದಿನೆಂಟನ್ನು ಎರಡು ಸಲ ಇಮ್ಮಡಿಸಿದರೆ 72. ಹಾಗಾಗಿ ಚೌಕಟ್ಟು ತುಂಬ ಬಿಳಿಯೇ ಇದ್ದಾಗ ಮೀಟರ್ ಸರಿಸುಮಾರು ಎರಡು ಸ್ಟಾಪ್‌ನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು ಅಥವಾ ಅರ್ಧವಾಗುವುದು) ಕತ್ತಲನ್ನು ಸುರಿಯುತ್ತದೆ. ಬೆಳ್ಳಕ್ಕಿಯ ವಿಷಯದಲ್ಲಿ ಆದದ್ದು ಇದರ ತಿರುವುಮುರುವು: ಚೌಕಟ್ಟಿನ ಬಹುಭಾಗ ಕಪ್ಪು ನೀರೇ ಆಗಿದ್ದರಿಂದ ಅದನ್ನು ಬೂದಾಗಿಸುವ ಉತ್ಸಾಹದಲ್ಲಿ ಮೀಟರ್ ಹಕ್ಕಿಯನ್ನು ಬಲಿ ಕೊಟ್ಟಿತ್ತು.

ಆಮೇಲೆ ಬಟ್ಟೆ, ಹಿಮ, ಬಿಳಿ ಗೋಡೆಗಳಿಗೆ ಮೀಟರ್‌ನ ಲೆಕ್ಕವನ್ನು ಸ್ಟಾಪ್‌ಗಳಲ್ಲಿ ತಿದ್ದುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು +1ರಿಂದ +1.7ರವರೆಗೆ ಏರಿಸತೊಡಗಿದೆ. ಲೆಕ್ಕದ ಪ್ರಕಾರ +2 ಸಲ್ಲುತ್ತದೆ, ಆದರೆ ಬಟ್ಟೆಯ ಮಡಿಕೆಯ ತುದಿಯಲ್ಲಿ ನೇಯ್ಗೆ ಉಳಿಯಬೇಕಾದರೆ ಸ್ವಲ್ಪ ಹಿಂದೆಯೇ ನಿಲ್ಲುವುದು ನನ್ನ ರೂಢಿ. ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ರೂಪಿಸಿದ ಜೋನ್ ಸಿಸ್ಟಂ ಈ ಸಂಕೋಚಕ್ಕೆ ಒಂದು ಭಾಷೆ ಕೊಟ್ಟಿತು. ಅದು ಕಪ್ಪಿನಿಂದ ಬಿಳುಪಿನವರೆಗಿನ ಛಾಯೆಗಳನ್ನು ಒಂದೊಂದು ಸ್ಟಾಪ್ ಅಂತರದ ಜೋನ್‌ಗಳಾಗಿ ಎಣಿಸುತ್ತದೆ: ಸೊನ್ನೆ ಅಚ್ಚ ಕಪ್ಪು, ಐದು ಮಧ್ಯಮ ಬೂದು, ಹತ್ತು ಏನೂ ಅಚ್ಚಾಗದ ಖಾಲಿ ಕಾಗದದ ಬಿಳುಪು. ಬಿಳಿ ಬಿಳಿಯಾಗಿಯೇ ಇದ್ದು ಅದರ ಮೇಲ್ಮೈಯೂ ಕಾಣುವುದು ಎಂಟನೆಯ ಜೋನ್‌ವರೆಗೆ ಮಾತ್ರ. ಏಳರ ತುಸು ಕೆಳಗೆ ಬಿಳಿಯನ್ನು ಕೂರಿಸುವುದೇ ನಾನು ಇಷ್ಟು ದಿನ ಹೆಸರಿಲ್ಲದೆ ಮಾಡುತ್ತಿದ್ದ ಕೆಲಸ.

ಹಕ್ಕಿಗಳಿಗೆ ಕಾಂಪೆನ್ಸೇಷನ್ ಅಷ್ಟಾಗಿ ಒದಗುವುದಿಲ್ಲ, ಏಕೆಂದರೆ ಹಕ್ಕಿ ಹಾರಿದೊಡನೆ ಹಿನ್ನೆಲೆ ನೀರಿನಿಂದ ಆಕಾಶಕ್ಕೆ ಬದಲಾಗುತ್ತದೆ, ಅದರ ಜೊತೆಗೆ ಮೀಟರ್‌ನ ಅಭಿಪ್ರಾಯವೂ ಬದಲಾಗುತ್ತದೆ. ಹಕ್ಕಿಯ ಮೇಲೆ ಬೀಳುವ ಬಿಸಿಲು ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಮ್ಯಾನುಯಲ್ ಕ್ರಮಕ್ಕೆ ಹೋಗಿ, ಹಳೆಯ ಬಿಸಿಲಿನ ಸೂತ್ರವನ್ನೇ ಹಿಡಿದೆ. ಸ್ವಚ್ಛ ಬಿಸಿಲಿನಲ್ಲಿ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್/16 ಇದ್ದಾಗ (ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಬೆಳಕು ಒಳಬರುವ ಅವಧಿಯಾದ ಶಟರ್ ವೇಗ, ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು ಹೇಳುವ ಐಎಸ್‌ಒ ಸಂಖ್ಯೆಯ ವಿಲೋಮಕ್ಕೆ ಸಮವಾಗಿದ್ದರೆ ಸರಿ. ಐಎಸ್‌ಒ 400ಕ್ಕೆ 1/400 ಸೆಕೆಂಡ್. ಎಫ್/8ಕ್ಕೆ ತೆರೆದರೆ 1/1600. ಬಿಳಿ ಗರಿಗಳಿಗಾಗಿ ಇನ್ನೊಂದು ಸ್ಟಾಪ್ ಇಳಿಸಿದರೆ 1/3200. ಮೋಡ ಸರಿದಾಗಲೋ ಸೂರ್ಯ ಇಳಿದಾಗಲೋ ಮಾತ್ರ ಇದನ್ನು ತಿದ್ದಬೇಕು.

ಚಿತ್ರದಲ್ಲಿ ಯಾವ ಪ್ರಕಾಶದ ಚುಕ್ಕೆಗಳು ಎಷ್ಟಿವೆ ಎಂದು ಎಡಕ್ಕೆ ಕಪ್ಪು, ಬಲಕ್ಕೆ ಬಿಳಿಯಾಗಿ ಗುಡ್ಡೆಯಂತೆ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಂ ನೋಡುವುದನ್ನು ಕಲಿತದ್ದು ತಡವಾಗಿ, ಅದೂ ಕ್ಯಾಮೆರಾದ ಪುಟ್ಟ ಪರದೆ ಕಡು ಬಿಸಿಲಿನಲ್ಲಿ ಎಲ್ಲವನ್ನೂ ಕತ್ತಲೆಂದು ತೋರಿಸಿ ನನ್ನನ್ನು ಹಲವು ಸಲ ಮೋಸಗೊಳಿಸಿದ ಮೇಲೆ. ಗುಡ್ಡೆಯ ಬಲ ತುದಿ ಅಂಚಿಗೆ ಒತ್ತಿಕೊಂಡಿದ್ದರೆ ಅಲ್ಲಿ ಬೆಳಕು ಹಿಡಿಯುವ ಸೆನ್ಸರ್ ತುಂಬಿ ತುಳುಕಿದೆ ಎಂದೇ ಬಹುತೇಕ ಅರ್ಥ. ಸೆನ್ಸರ್ ದಾಖಲಿಸಿದ್ದನ್ನು ಸಂಸ್ಕರಿಸದೆ ಇಡುವ ರಾ ಫೈಲಿನಲ್ಲಿ ತುಸು ಅವಕಾಶ ಉಳಿದಿರುತ್ತದೆ, ಪರದೆಯ ಹಿಸ್ಟೋಗ್ರಾಂ ಕ್ಯಾಮೆರಾ ಸಂಸ್ಕರಿಸಿದ ಜೆಪೆಗ್ ರೂಪದಿಂದ ಹುಟ್ಟುವುದೇ ಅದಕ್ಕೆ ಕಾರಣ. ಆದರೆ ನಿಜವಾಗಿ ತುಂಬಿಹೋದ ಜಾಗದಲ್ಲಿ ಯಾವ ತಂತ್ರಾಂಶವೂ ಗರಿ ಹುಟ್ಟಿಸಲಾರದು. ಕೆಂಪು, ಹಸಿರು, ನೀಲಿ ಮೂರನ್ನೂ ಪ್ರತ್ಯೇಕವಾಗಿ ನೋಡುವುದು ಒಳ್ಳೆಯದು. ಸಂಜೆಯ ಬೆಳಕಿನಲ್ಲಿ ಕೆಂಪು ಒಂದೇ ಮೊದಲು ತುಂಬಿ, ಒಟ್ಟು ಗುಡ್ಡೆ ಸಭ್ಯವಾಗಿಯೇ ಕಾಣುತ್ತಿರುತ್ತದೆ.

ನನ್ನ ಕೆಲಸದ ರೀತಿಯನ್ನು ಹೆಚ್ಚು ಬದಲಿಸಿದ್ದು ಒಂದು ಹೂವಿನ ಎಸಳು. ಬಿಳಿ ಎಸಳೊಂದನ್ನು ಬೆರಳುಗಳ ನಡುವೆ ಗಟ್ಟಿಯಾಗಿ ಒತ್ತಿದಾಗ, ಒತ್ತಿದ ಜಾಗ ಎಣ್ಣೆ ಹಚ್ಚಿದ ಕಾಗದದಂತೆ ಪಾರದರ್ಶಕವಾಯಿತು. ಅಲ್ಲಿ ಬಿಳಿ ವರ್ಣದ್ರವ್ಯವಿಲ್ಲ. ಕೋಶಗಳ ನಡುವಿನ ಗಾಳಿಯ ಜಾಗಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಎಸಳು ಬೆಳ್ಳಗೆ ಕಾಣುತ್ತದೆ, ಒತ್ತಿದರೆ ಆ ಗಾಳಿ ಹೊರಟುಹೋಗುತ್ತದೆ. ನೊರೆ, ಹಿಮ, ಮೋಡಗಳಲ್ಲೂ ನಡೆಯುವುದು ಇದೇ, ಬಿಡಿಬಿಡಿಯಾಗಿ ನೋಡಿದರೆ ಅವುಗಳ ಕಣಗಳೆಲ್ಲ ಪಾರದರ್ಶಕ. ಚದುರಿದ ಬೆಳಕೇ ಬಿಳುಪಾದ ಮೇಲೆ, ಬೆಳಕು ಬರುವ ದಿಕ್ಕೇ ಚಿತ್ರವನ್ನು ನಿರ್ಧರಿಸುತ್ತದೆ. ಹಿಂದಿನಿಂದ ಬಂದರೆ ಎಸಳಿನ ನರಗಳು ತೆರೆದುಕೊಳ್ಳುತ್ತವೆ. ಪಕ್ಕದಿಂದ ತಗ್ಗಾಗಿ ಬಂದರೆ ಪ್ರತಿ ಗರಿಯೂ ಪಕ್ಕದ ಗರಿಯ ಮೇಲೆ ಕೂದಲೆಳೆಯಷ್ಟು ನೆರಳು ಚೆಲ್ಲುತ್ತದೆ. ನೆತ್ತಿಯ ಬಿಸಿಲಿನಲ್ಲಿ ಎರಡೂ ಇಲ್ಲ. ಮಧ್ಯಾಹ್ನದಲ್ಲಿ ಬಿಳಿಯನ್ನು ಹಿಡಿಯುವುದನ್ನು ಬಹುಮಟ್ಟಿಗೆ ಕೈಬಿಟ್ಟಿದ್ದೇನೆ.

ಮನೆಯೊಳಗೆ ಬಿಳಿ ಗೋಡೆಯೆದುರು ಬಿಳಿ ಬಟ್ಟಲನ್ನಿಟ್ಟು ತೆಗೆದ ಚಿತ್ರಗಳಲ್ಲಿ ಅಂಚೇ ಕರಗಿಹೋಗುತ್ತಿತ್ತು. ಬಟ್ಟಲಿನ ಎರಡೂ ಪಕ್ಕ, ಚೌಕಟ್ಟಿನ ಹೊರಗೆ, ಕಪ್ಪು ರಟ್ಟು ನಿಲ್ಲಿಸಿದೊಡನೆ ಅಂಚುಗಳಲ್ಲಿ ತೆಳು ಬೂದು ಗೆರೆ ಮೂಡಿತು. ಫೋನಿನಲ್ಲಾದರೆ ಬಟ್ಟಲಿನ ಮೇಲೆ ಬೆರಳೊತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ, ಪ್ರಕಾಶದ ಗುರುತನ್ನು ಮೇಲಕ್ಕೋ ಕೆಳಕ್ಕೋ ಜಾರಿಸಿದರೆ ಸಾಕು.

ಬಿಳಿಗೆ ಅಂಟುವ ಬಣ್ಣದ ಮಾತು ಬೇರೆಯೇ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ, ಹೆಚ್ಚಾದಷ್ಟೂ ನೀಲಿ. ನಡುಹಗಲಿನ ಬಿಸಿಲು ಸುಮಾರು 5500 ಕೆಲ್ವಿನ್, ಹಳೆಯ ತಂತಿ ಬಲ್ಬು 2800ರ ಆಸುಪಾಸು, ಆಕಾಶದಿಂದಷ್ಟೇ ಬೆಳಕು ಪಡೆಯುವ ನೆರಳು 7000ಕ್ಕೂ ಮೇಲೆ. ಕಣ್ಣು ಈ ಅಂತರವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ, ಚಿತ್ರ ಸರಿಪಡಿಸಿಕೊಳ್ಳುವುದಿಲ್ಲ. ಬಹಳ ಕಾಲ ನಾನು ಬಿಳಿ ಕಾಗದವನ್ನೇ ಆಧಾರವಾಗಿಟ್ಟು ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣವನ್ನು ಕಳೆಯುವ ತಿದ್ದುಪಡಿ, ಹೊಂದಿಸುತ್ತಿದ್ದೆ. ಕಾಗದದಲ್ಲಿ ಬೆರೆಸುವ ಹೊಳಪುಕಾರಕಗಳು ಅತಿನೇರಳೆ ಬೆಳಕನ್ನು ಹೀರಿ ನೀಲಿಯಾಗಿ ಹೊರಸೂಸುವುದರಿಂದ, ಅದಕ್ಕೆ ಹೊಂದಿಸಿದ ಚಿತ್ರಗಳೆಲ್ಲ ಹಳದಿಯತ್ತ ವಾಲುತ್ತಿದ್ದವು. ಈಗ ಬೂದು ಕಾರ್ಡ್ ಬಳಸುತ್ತೇನೆ, ಬಲ್ಬು ಮತ್ತು ಕಿಟಕಿಯ ಬೆಳಕು ಬೆರೆತಿದ್ದರೆ ಬಲ್ಬನ್ನು ಆರಿಸುತ್ತೇನೆ. ಹಿಮದ ಮೇಲಿನ ನೀಲಿ ನೆರಳನ್ನೂ ಸಂಜೆಯ ಮೋಡದ ಬಿಸುಪನ್ನೂ ಮಾತ್ರ ತಿದ್ದಲು ಹೋಗುವುದಿಲ್ಲ, ಅವು ಅಲ್ಲಿ ನಿಜವಾಗಿಯೂ ಇದ್ದವು.

ಬೆಳ್ಳಕ್ಕಿಗಾಗಿ ಅದೇ ನೀರಿನ ಬಳಿಗೆ ಮತ್ತೆ ಹೋದಾಗ, ಬಿಸಿಲಿನ ಅಳತೆಗೆ ಹೊಂದಿಸಿ ತೆಗೆದ ಚಿತ್ರದಲ್ಲಿ ನೀರು ಹೆಚ್ಚುಕಡಿಮೆ ಕಪ್ಪಾಗಿಯೇ ಬಂತು. ಕುತ್ತಿಗೆಯ ಬಳಿಯ ಸಣ್ಣ ಗರಿಗಳನ್ನು ಒಂದೊಂದಾಗಿ ಎಣಿಸುವಂತಿತ್ತು. ನೀರನ್ನು ಬೆಳಗಿಸುವ ಯೋಚನೆ ಬಂದರೂ, ಅದನ್ನು ಹಾಗೆಯೇ ಬಿಟ್ಟೆ.